ಮಿತವಾದ ಹಣದಲ್ಲಿ ಆಟದ ಗಣಕಯಂತ್ರ

ಐವತ್ತು ಅರವತ್ತು ಸಾವಿರ ರೂಪಾಯಿಗಳೆಂದರೆ ನಮ್ಮಲ್ಲಿ ಎಷ್ಟೋ ಸಂಸಾರಗಳ ಪಾಲಿಗೆ ಎರಡು ಮೂರು ತಿಂಗಳ ಗಳಿಕೆ. ಅಷ್ಟು ಹಣವನ್ನು ಮಗನೋ ಮಗಳೋ ಕೇಳಿದ ಗಣಕಯಂತ್ರಕ್ಕೆಂದು ಕೊಡುವ ತಂದೆತಾಯಿಗಳು, ಅದರಲ್ಲಿ ಪಾಠವೂ ನಡೆಯಲಿ, ಆಟವೂ ನಡೆಯಲಿ ಎಂದು ಒಪ್ಪಿಯೇ ಕೊಡುತ್ತಾರೆ. ಆದರೆ ಇನ್ನೊಮ್ಮೆ ಅಷ್ಟೇ ಹಣವನ್ನು ಕೊಡುವ ಶಕ್ತಿ ಅವರಿಗಿರುವುದಿಲ್ಲ. ಹೀಗಿರುವಲ್ಲಿ ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಸ್ಥಳಕ್ಕೆ ಹೋಗಿ, ಗಾಜಿನ ಪೆಟ್ಟಿಗೆಯೊಳಗೆ ಬಣ್ಣಬಣ್ಣದ ದೀಪಗಳು ತಿರುಗುತ್ತಿರುವ ಯಂತ್ರವನ್ನು ಕಂಡು ಮರುಳಾಗಿ ಹಣ ಕೊಟ್ಟು ಬರುವುದು ಸುಲಭ. ಒಂದೇ ಬೆಲೆಯ ಎರಡು ಯಂತ್ರಗಳಲ್ಲಿ ಒಂದು ಮತ್ತೊಂದರ ಎರಡರಷ್ಟು ಚುರುಕಾಗಿ ಆಟವನ್ನು ನಡೆಸುವುದುಂಟು. ಈ ಅಂತರಕ್ಕೆ ಕಾರಣವೇನೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ. ಇದಕ್ಕೆ ಬೇಕಾದುದು ಗುಣಾಕಾರ, ಭಾಗಾಕಾರ ಮತ್ತು ಪ್ರೌಢಶಾಲೆಯಲ್ಲಿ ಕಲಿತ ಅಲ್ಪಸ್ವಲ್ಪ ವಿದ್ಯುಚ್ಛಾಸ್ತ್ರ, ಇಷ್ಟೇ.

ಮೊದಲು, ಆಟ ನಡೆಯುವಾಗ ಯಂತ್ರದೊಳಗೆ ಏನು ನಡೆಯುವುದೆಂಬುದನ್ನು ನೋಡೋಣ. ತೆರೆಯ ಮೇಲೆ ನಮಗೆ ಕಾಣುವ ಚಲನೆ ಸಿನಿಮಾದಂತೆಯೇ ಒಂದರ ಹಿಂದೊಂದು ಬರುವ ನಿಶ್ಚಲಚಿತ್ರಗಳ ಮಾಲೆ. ಆದರೆ ಸಿನಿಮಾದ ಚಿತ್ರಗಳು ಮೊದಲೇ ಸಿದ್ಧವಾಗಿರುವುವು. ಆಟದ ಚಿತ್ರಗಳಾದರೋ ಆಟಗಾರನು ಗುಂಡಿಯೊತ್ತಿದ ಮೇಲೆ, ಆ ಕ್ಷಣದಲ್ಲಿಯೇ ರಚಿತವಾಗಬೇಕು. ಸಾಮಾನ್ಯ ತೆರೆಯೊಂದು ಸೆಕೆಂಡಿಗೆ 60 ಬಾರಿ ತನ್ನ ಚಿತ್ರವನ್ನು ಬದಲಿಸಬಲ್ಲುದು. 1 ಸೆಕೆಂಡನ್ನು 60ರಿಂದ ಭಾಗಿಸಿದರೆ ಒಂದು ಚಿತ್ರದ ಪಾಲಿಗೆ ದೊರೆಯುವ ಕಾಲ 16.7 ಮಿಲಿಸೆಕೆಂಡು. ಸೆಕೆಂಡಿಗೆ 144 ಬಾರಿ ಬದಲಿಸುವ ತೆರೆಯಾದರೆ 7 ಮಿಲಿಸೆಕೆಂಡಿಗೂ ಕಡಿಮೆ. ನಮ್ಮ ಯಂತ್ರವು ಓಡಬೇಕಾಗಿರುವುದು ಈ ಗಡಿಯಾರದೊಡನೆ.

ಈ ಅಲ್ಪಕಾಲದಲ್ಲಿ ಕೆಲಸ ಮಾಡುವವರು ಮುಖ್ಯವಾಗಿ ಇಬ್ಬರು. ಮೊದಲನೆಯದು ಪ್ರೊಸೆಸರು. ಆಟಗಾರನು ಯಾವ ಕಡೆಗೆ ಹೆಜ್ಜೆಯಿಟ್ಟನು, ಚೆಂಡು ಗೋಡೆಗೆ ತಗುಲಿತೇ, ಎದುರಾಳಿ ಎಲ್ಲಿ ಅಡಗಿದ್ದಾನೆ ಎಂಬ ಲೆಕ್ಕಗಳನ್ನೆಲ್ಲ ಅದು ಮುಗಿಸಿ, ಏನೇನನ್ನು ಬರೆಯಬೇಕೆಂಬ ಪಟ್ಟಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸುವುದು. ಕಾರ್ಡು ಆ ಪಟ್ಟಿಯಂತೆ ತೆರೆಯ ಒಂದೊಂದು ಬಿಂದುವಿನ ಬಣ್ಣವನ್ನೂ ನಿರ್ಧರಿಸುವುದು. ಕಾರ್ಡು ಒಂದು ಚಿತ್ರವನ್ನು ಬರೆಯುತ್ತಿರುವಾಗಲೇ ಪ್ರೊಸೆಸರು ಮುಂದಿನ ಚಿತ್ರದ ಪಟ್ಟಿಯನ್ನು ಸಿದ್ಧಪಡಿಸುತ್ತಿರುವುದು.

ಹಬ್ಬದ ದಿನ ಹೋಳಿಗೆ ಮಾಡುವ ಮನೆಯಲ್ಲಿ ಇದೇ ಏರ್ಪಾಡನ್ನು ಕಾಣಬಹುದು. ಅತ್ತೆ ಕಣಕದಲ್ಲಿ ಹೂರಣವಿಟ್ಟು ತಟ್ಟಿಕೊಡುತ್ತಾರೆ. ಸೊಸೆ ಕಾವಲಿಯ ಮೇಲೆ ಬೇಯಿಸುತ್ತಾಳೆ. ತಟ್ಟುವುದಕ್ಕೆ ಅರ್ಧ ನಿಮಿಷ, ಬೇಯುವುದಕ್ಕೆ ಒಂದು ನಿಮಿಷ ಹಿಡಿಯುವುದಾದರೆ ಗಂಟೆಗೆ ಆಗುವ ಹೋಳಿಗೆಗಳು 60 ಮಾತ್ರ. ತಟ್ಟುವುದಕ್ಕೆ ಇನ್ನೂ ಚುರುಕಾದವರನ್ನು ಕರೆತಂದರೆ ತಟ್ಟಿದ ಹೋಳಿಗೆಗಳು ಬಾಳೆಯೆಲೆಯ ಮೇಲೆ ಕಾಯುತ್ತ ಕೂಡುವುವೇ ಹೊರತು ಬೆಂದ ಹೋಳಿಗೆಯ ಸಂಖ್ಯೆ ಒಂದೂ ಹೆಚ್ಚದು. ಬೇಕಾದುದು ಇನ್ನೊಂದು ಕಾವಲಿ. ಹಾಗೆಯೇ ಪ್ರೊಸೆಸರಿಗೆ ಒಂದು ಚಿತ್ರಕ್ಕೆ 7 ಮಿಲಿಸೆಕೆಂಡು, ಕಾರ್ಡಿಗೆ 14 ಮಿಲಿಸೆಕೆಂಡು ಬೇಕಾಗುವ ಯಂತ್ರವು ಸೆಕೆಂಡಿಗೆ ಸುಮಾರು 71 ಚಿತ್ರಗಳನ್ನು ಕೊಡುವುದು. ಪ್ರೊಸೆಸರಿಗೆ ಇನ್ನೂ ಹದಿನೈದು ಸಾವಿರ ಸುರಿದು ಅದರ ಕಾಲವನ್ನು ಮೂರೂವರೆ ಮಿಲಿಸೆಕೆಂಡಿಗೆ ಇಳಿಸಿದರೂ ಫಲ ಅದೇ 71. ಆ ಹದಿನೈದು ಸಾವಿರವು ಕಾರ್ಡಿಗೆ ಸೇರಿದ್ದರೆ ಕಣ್ಣಿಗೆ ಕಾಣುತ್ತಿತ್ತು.

ಹಾಗಾದರೆ ಸಮತೋಲವೆಂದರೆ ಇಬ್ಬರ ಕಾಲವೂ ಸರಿಸಮನಾಗಿರುವುದೇ? ಅಷ್ಟು ಸರಳವಾಗಿ ಹೇಳಲಾಗದು. ಏಕೆಂದರೆ ಈ ಕಾಲಗಳು ಯಂತ್ರದ ಗುಣವಷ್ಟೇ ಅಲ್ಲ, ಆಟದ ಮತ್ತು ತೆರೆಯ ಗುಣವೂ ಹೌದು. 1920ಕ್ಕೆ 1080ರ ತೆರೆಯಲ್ಲಿರುವ ಬಿಂದುಗಳು 20,73,600. 2560ಕ್ಕೆ 1440ರ ತೆರೆಯಲ್ಲಿ 36,86,400. ನಾಲ್ಕು ಕೆ ಎಂದು ಕರೆಯುವ 3840ಕ್ಕೆ 2160ರ ತೆರೆಯಲ್ಲಿ 82,94,400, ಎಂದರೆ ಮೊದಲನೆಯದರ ಸರಿಯಾಗಿ ನಾಲ್ಕರಷ್ಟು. ಬಿಂದುಗಳು ಹೆಚ್ಚಿದಂತೆ ಕಾರ್ಡಿನ ಹೊರೆ ಹೆಚ್ಚುವುದು. ಪ್ರೊಸೆಸರಿಗಾದರೋ ಚೆಂಡು ಎಲ್ಲಿದೆ ಎಂಬ ಲೆಕ್ಕ ಯಾವ ತೆರೆಗೂ ಒಂದೇ. ಆದುದರಿಂದ ಗಣಕಯಂತ್ರದ ಲೆಕ್ಕವನ್ನು ತೆರೆಯಿಂದ ಪ್ರಾರಂಭಿಸಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಮಿತವಾದ ಹಣವುಳ್ಳವನು ನಾಲ್ಕು ಕೆ ತೆರೆಯನ್ನು ಮೊದಲು ಕೊಂಡರೆ ಅದಕ್ಕೆ ತಕ್ಕ ಕಾರ್ಡನ್ನು ಹೊಂದಿಸಲಾರದೆ ಬಹುಕಾಲ ಪರಿತಪಿಸುವನು. 1080ರ ತೆರೆ ಸಾಕು.

ಇಲ್ಲಿಯೇ ಒಂದು ಪ್ರಯೋಗವನ್ನು ಸೂಚಿಸಬಹುದು. ಮನೆಯಲ್ಲಿಯೋ ಸ್ನೇಹಿತರಲ್ಲಿಯೋ ಇರುವ ಹಳೆಯ ಯಂತ್ರದಲ್ಲಿ ಆಟವೊಂದನ್ನು ತೆರೆಯಿರಿ. ಸೆಕೆಂಡಿಗೆ ಎಷ್ಟು ಚಿತ್ರಗಳು ಬರುತ್ತಿವೆ ಎಂಬುದನ್ನು ವಿಂಡೋಸಿನ ಗೇಮ್ ಬಾರ್ ಎಂಬ ಅನುಕೂಲವೇ ತೋರಿಸುವುದು. ಆ ಸಂಖ್ಯೆಯನ್ನು ಬರೆದುಕೊಂಡು, ಬೇರೆ ಯಾವುದನ್ನೂ ಬದಲಿಸದೆ, ಆಟದ ರೆಸಲ್ಯೂಶನ್ನನ್ನು ಮಾತ್ರ 1920ಕ್ಕೆ 1080ರಿಂದ 1280ಕ್ಕೆ 720ಕ್ಕೆ ಇಳಿಸಿ ಅದೇ ಸ್ಥಳದಲ್ಲಿ ಮತ್ತೆ ಅಳೆಯಿರಿ. ಬಿಂದುಗಳು 44 ಪಾಲಿಗೆ ಇಳಿದಿವೆ. ಚಿತ್ರಗಳ ಸಂಖ್ಯೆ ಚೆನ್ನಾಗಿ ಏರಿದರೆ ಇದುವರೆಗೆ ಕಾಯಿಸುತ್ತಿದ್ದುದು ಕಾರ್ಡು. ಏರದೆ ಇದ್ದಲ್ಲಿಯೇ ನಿಂತರೆ ಕಾಯಿಸುತ್ತಿದ್ದುದು ಪ್ರೊಸೆಸರು. ಆಗ ಹೊಸ ಕಾರ್ಡನ್ನು ಕೊಳ್ಳುವುದು ಹಣದ ದಂಡ. ಪ್ರಯೋಗಾಲಯದಲ್ಲಿ ಒಂದು ಚರವನ್ನು ಬದಲಿಸಿ ಮಿಕ್ಕವನ್ನು ಸ್ಥಿರವಾಗಿಡಬೇಕೆಂದು ನಾವು ವಿದ್ಯಾರ್ಥಿಗಳಿಗೆ ವರ್ಷವೆಲ್ಲ ಹೇಳುತ್ತೇವೆ. ಸಾವಿರಾರು ರೂಪಾಯಿಗಳನ್ನು ಉಳಿಸುವುದಕ್ಕೂ ಆ ನಿಯಮವು ಒದಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನಮಗೆ ತಿಳಿಯದು.

ಪ್ರೊಸೆಸರಿನ ವಿಷಯದಲ್ಲಿ ಅಂಗಡಿಯವರು ಮೊದಲು ಹೇಳುವುದು ಕೋರುಗಳ ಸಂಖ್ಯೆಯನ್ನು. ಆರಕ್ಕಿಂತ ಹನ್ನೆರಡು ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಆದರೆ ಆಟಕ್ಕೆ ಎಷ್ಟು ಪ್ರಯೋಜನ? ಜೀನ್ ಆಮ್ಡಾಲ್ ಎಂಬ ಅಮೆರಿಕದ ಗಣಕಶಿಲ್ಪಿ 1967ರಲ್ಲಿ ಮಂಡಿಸಿದ ವಾದವು ಇಲ್ಲಿ ನೆರವಾಗುವುದು. ಒಂದು ಕೆಲಸದಲ್ಲಿ ಅರ್ಧಭಾಗವನ್ನು ಎಷ್ಟು ಜನರಿಗಾದರೂ ಹಂಚಬಹುದು, ಉಳಿದರ್ಧವನ್ನು ಒಬ್ಬನೇ ಕ್ರಮವಾಗಿ ಮಾಡಬೇಕು ಎಂದಿಟ್ಟುಕೊಳ್ಳಿ. ಒಬ್ಬನಿಗೆ 12 ಮಿಲಿಸೆಕೆಂಡು ಹಿಡಿಯುವ ಕೆಲಸವು ಆರು ಜನರಿಂದ 6ಕ್ಕೆ 1ನ್ನು ಕೂಡಿಸಿದಷ್ಟು, ಎಂದರೆ 7 ಮಿಲಿಸೆಕೆಂಡಿನಲ್ಲಿ ಆಗುವುದು. ಹನ್ನೆರಡು ಜನರಿಂದ 6.5 ಮಿಲಿಸೆಕೆಂಡಿನಲ್ಲಿ. ಆಳುಗಳು ಎರಡರಷ್ಟಾದರೂ ಉಳಿದುದು ಅರ್ಧ ಮಿಲಿಸೆಕೆಂಡು. ಆಟಗಳಲ್ಲಿ ಹಂಚಲಾಗದ ಭಾಗವು ಗಣನೀಯವಾಗಿರುವುದರಿಂದ, ಕೋರುಗಳ ಸಂಖ್ಯೆ ಆರಕ್ಕೆ ಮುಟ್ಟಿದ ಮೇಲೆ ಒಂದೊಂದು ಕೋರಿನ ಚುರುಕನ್ನು ನೋಡುವುದು ಜಾಣತನ. ಆಟದೊಡನೆ ಚಲನಚಿತ್ರಗಳ ಸಂಕಲನ ಮೊದಲಾದ ಕೆಲಸಗಳನ್ನೂ ಮಾಡುವವರ ಮಾತು ಬೇರೆ.

ಸರಾಸರಿಯ ಬಗ್ಗೆಯೂ ಎಚ್ಚರಿಕೆ ಬೇಕು. ಸೆಕೆಂಡಿಗೆ 60 ಚಿತ್ರಗಳನ್ನು ಕೊಡುತ್ತದೆ ಎನ್ನುವ ಯಂತ್ರವು 59 ಚಿತ್ರಗಳನ್ನು ತಲಾ 10 ಮಿಲಿಸೆಕೆಂಡಿನಲ್ಲಿ ಮುಗಿಸಿ, ಒಂದೇ ಒಂದು ಚಿತ್ರಕ್ಕೆ 400 ಮಿಲಿಸೆಕೆಂಡು ತೆಗೆದುಕೊಂಡಿರಬಹುದು. ಕೂಡಿಸಿ ನೋಡಿ: ಒಟ್ಟು 990 ಮಿಲಿಸೆಕೆಂಡು. ಸರಾಸರಿ ನಿರ್ದೋಷವಾಗಿದೆ, ಆದರೆ ಆಟಗಾರನು ಕಂಡುದು ಪ್ರತಿ ಸೆಕೆಂಡಿಗೊಮ್ಮೆ ಮುಗ್ಗರಿಸುವ ಚಿತ್ರ. ಮೊಣಕಾಲುದ್ದ ಸರಾಸರಿ ಆಳವಿರುವ ಹೊಳೆಯಲ್ಲಿ ಮಡುವೂ ಇರಬಹುದಷ್ಟೆ. ಆದುದರಿಂದಲೇ ತಿಳಿದ ಪರೀಕ್ಷಕರು ಸರಾಸರಿಯ ಜೊತೆಗೆ ಅತ್ಯಂತ ನಿಧಾನವಾದ ನೂರಕ್ಕೊಂದು ಪಾಲು ಚಿತ್ರಗಳ ವೇಗವನ್ನೂ ಬೇರೆಯಾಗಿ ಕೊಡುವರು. ಕೊಳ್ಳುವ ಮುನ್ನ ನೋಡಬೇಕಾದ ಸಂಖ್ಯೆ ಅದು.

ಈ ಮುಗ್ಗರಿಕೆಗೆ ಬಹುಮಟ್ಟಿಗೆ ಕಾರಣವಾಗುವುದು ಮೆಮೊರಿ. ಇದನ್ನು ಕೊಂಚ ವಿಸ್ತಾರವಾಗಿ ನೋಡಬೇಕು, ಏಕೆಂದರೆ ಹಣ ವ್ಯರ್ಥವಾಗುವ ಮುಖ್ಯ ಸ್ಥಳಗಳಲ್ಲಿ ಇದೂ ಒಂದು.

ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಆದ ಮೆಮೊರಿಯುಂಟು. 2021ರಲ್ಲಿ ಬಿಡುಗಡೆಯಾದ ರೇಡಿಯಾನ್ ಆರ್. ಎಕ್ಸ್. 6600 ಎಂಬ ಕಾರ್ಡಿನಲ್ಲಿ ಅದು 8 ಗಿಗಾಬೈಟು. ಅದರಿಂದ ಸೆಕೆಂಡಿಗೆ 224 ಗಿಗಾಬೈಟುಗಳನ್ನು ಸೆಳೆದುಕೊಳ್ಳಬಹುದು. ಯಂತ್ರದ ಮುಖ್ಯ ಮೆಮೊರಿಯಾದ ರ‍್ಯಾಮಿನ ವೇಗವೆಷ್ಟು? ಡಿ. ಡಿ. ಆರ್. 4ರ 3200 ಎಂಬ ದರ್ಜೆಯದಾದರೆ ಸೆಕೆಂಡಿಗೆ 320 ಕೋಟಿ ಬಾರಿ, ಬಾರಿಗೆ 8 ಬೈಟಿನಂತೆ, 25.6 ಗಿಗಾಬೈಟು. ಒಂದೇ ಪಟ್ಟಿಯ ಬದಲು ಎರಡು ಪಟ್ಟಿಗಳನ್ನು ಸರಿಯಾದ ಸ್ಥಾನಗಳಲ್ಲಿ ಕೂಡಿಸಿದರೆ ಎರಡು ದಾರಿಗಳು ತೆರೆದು 51.2 ಆಗುವುದು. 16 ಗಿಗಾಬೈಟಿನ ಒಂದು ಪಟ್ಟಿಗಿಂತ 8ರ ಎರಡು ಪಟ್ಟಿಗಳು ಮೇಲೆನ್ನುವುದು ಇದಕ್ಕೇ. ಕಾರ್ಡನ್ನೇ ಕೊಳ್ಳಲಾಗದೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸಿನಲ್ಲಿಯೇ ಸದ್ಯಕ್ಕೆ ತೃಪ್ತರಾಗುವವರಿಗೆ ಈ ಎರಡು ಪಟ್ಟಿಗಳ ಮಾತು ಅನಿವಾರ್ಯ. ಅಲ್ಲಿ ಚಿತ್ರವೂ ಲೆಕ್ಕವೂ ಅದೇ ದಾರಿಯಲ್ಲಿ ಬರಬೇಕು.

ಇನ್ನು ಆಟಕ್ಕೆ ಬೇಕಾದ ಚಿತ್ರಸಾಮಗ್ರಿ ಕಾರ್ಡಿನ 8 ಗಿಗಾಬೈಟಿನಲ್ಲಿ ಹಿಡಿಸದೆ ಹೋದರೆ ಏನಾಗುವುದು? ಮಿಕ್ಕುದು ರ‍್ಯಾಮಿನಲ್ಲಿ ಕುಳಿತು, ಬೇಕಾದಾಗ ಮದರ್‌ಬೋರ್ಡಿನ ಪಿ. ಸಿ. ಐ. ಎಕ್ಸ್‌ಪ್ರೆಸ್ ಎಂಬ ದಾರಿಯಿಂದ ಬರಬೇಕು. ಈ ಕಾರ್ಡಿಗೆ ಆ ದಾರಿಯ ವೇಗ ಹೆಚ್ಚೆಂದರೆ ಸೆಕೆಂಡಿಗೆ 16 ಗಿಗಾಬೈಟಿನಷ್ಟು, ತನ್ನ ಸ್ವಂತ ಮೆಮೊರಿಯ ಹದಿನಾಲ್ಕನೆಯ ಒಂದು ಪಾಲು. ಮನೆಯ ತೊಟ್ಟಿಯ ನೀರು ಮುಗಿದು ಊರಾಚೆಯ ಬಾವಿಗೆ ಹೋದಂತೆ. ಚಿತ್ರವು ಆಗ ತಡೆತಡೆದು ಬರುವುದು.

2022ರ ಜನವರಿಯಲ್ಲಿ ಬಂದ ಆರ್. ಎಕ್ಸ್. 6500 ಎಕ್ಸ್. ಟಿ. ಎಂಬ ಕಡಿಮೆ ಬೆಲೆಯ ಕಾರ್ಡಿನ ಕಥೆ ಇಲ್ಲಿ ಬೋಧಪ್ರದ. ಅದರ ಮೆಮೊರಿ 4 ಗಿಗಾಬೈಟು ಮಾತ್ರ. ಆದುದರಿಂದ ಅದು ಮೇಲಿಂದ ಮೇಲೆ ಹೊರಗಿನ ದಾರಿಯನ್ನು ಆಶ್ರಯಿಸಬೇಕು. ಆದರೆ ಆ ದಾರಿಯಲ್ಲಿ ಅದಕ್ಕಿದ್ದುದು ನಾಲ್ಕೇ ಸಾಲುಗಳು. ನಾಲ್ಕನೆಯ ತಲೆಮಾರಿನ ಬೋರ್ಡಿನಲ್ಲಿ ಸೆಕೆಂಡಿಗೆ 8 ಗಿಗಾಬೈಟಿನಷ್ಟು ಬರುವುದು. ಮೂರನೆಯ ತಲೆಮಾರಿನ ಹಳೆಯ ಬೋರ್ಡಿನಲ್ಲಿ ಅದರ ಅರ್ಧ. ಕಡಿಮೆ ಬೆಲೆಯ ಕಾರ್ಡನ್ನು ಕೊಳ್ಳುವವರು ಯಾರು? ಹಳೆಯ ಬೋರ್ಡುಳ್ಳವರೇ ಅಲ್ಲವೇ! ಯಾರಿಗಾಗಿ ಬೆಲೆಯನ್ನಿಳಿಸಿದ್ದರೋ ಅವರ ಮನೆಯಲ್ಲಿಯೇ ಕಾರ್ಡು ಕುಂಟಿತು. ಬಿಡಿಭಾಗವೊಂದರ ಯೋಗ್ಯತೆ ಅದರೊಳಗೆ ಮಾತ್ರವಲ್ಲ, ಅದು ಸೇರುವ ಯಂತ್ರದಲ್ಲಿಯೂ ಇದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನ ವಿರಳ.

ಮೇಲೆ ಹೇಳಿದ 6600ರೊಡನೆ 2022ರಲ್ಲಿ ಬಂದ ರೈಜನ್ 5 5600 ಎಂಬ ಆರು ಕೋರಿನ ಪ್ರೊಸೆಸರನ್ನು ಜೋಡಿಸಿ ಅನೇಕರು 1080ರ ತೆರೆಗೆ ಒಪ್ಪುವ ಯಂತ್ರಗಳನ್ನು ಕಟ್ಟಿಕೊಂಡಿದ್ದಾರೆ. ಸಮತೋಲಕ್ಕೆ ಇದು ಒಳ್ಳೆಯ ಮಾದರಿ. ವಾಚಕರು ಅಂಗಡಿಗೆ ಹೋಗುವ ವೇಳೆಗೆ ಈ ಹೆಸರುಗಳು ದೊರೆಯದೆ ಹೋಗಬಹುದು. ಲೆಕ್ಕದ ರೀತಿ ಮಾತ್ರ ಬದಲಾಗದು. ತೆರೆಯನ್ನು ಬಿಟ್ಟು ಉಳಿದ ಹಣವನ್ನು ನೂರು ಪಾಲು ಮಾಡಿದರೆ, ಸುಮಾರು 40 ಪಾಲು ಕಾರ್ಡಿಗೆ, 30 ಪಾಲು ಪ್ರೊಸೆಸರು ಮತ್ತು ಮದರ್‌ಬೋರ್ಡಿಗೆ, ಮಿಕ್ಕ 30 ಪಾಲು ರ‍್ಯಾಮು, ಎಸ್. ಎಸ್. ಡಿ., ಎಸ್. ಎಂ. ಪಿ. ಎಸ್. ಮತ್ತು ಕ್ಯಾಬಿನೆಟ್ಟಿಗೆ ಎಂಬುದು ನಾವು ಹೇಳುವ ಹಂಚಿಕೆ. ಬೆಲೆಗಳನ್ನು ರೂಪಾಯಿಯಲ್ಲಿ ನಮೂದಿಸುವ ಸಾಹಸವನ್ನು ನಾವು ಮಾಡಲಾರೆವು. 2021ರಲ್ಲಿ ಕ್ರಿಪ್ಟೋ ಹಣದ ಗೀಳಿನಿಂದ ಕಾರ್ಡುಗಳು ಕೈಗೆಟುಕದಾದುವು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ರ‍್ಯಾಮಿನ ಬೆಲೆ ಗಗನಕ್ಕೇರಿತು. ಇಂಥ ಕಾಲದಲ್ಲಿ ಪಾಲುಗಳನ್ನು ಕೊಂಚ ಹಿಂದುಮುಂದು ಮಾಡಿಕೊಳ್ಳಬೇಕಾದೀತು.

ಎಸ್. ಎಸ್. ಡಿ.ಯ ಮಾತು ಬೇಗ ಮುಗಿಯುವುದು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಬೇಕಾದ ಅಕ್ಷರವು ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧಸುತ್ತು, ಎಂದರೆ 4 ಮಿಲಿಸೆಕೆಂಡು ಕಾಯಬೇಕು. ಸೂಜಿಯು ಸ್ಥಳಕ್ಕೆ ಸರಿಯುವ ಕಾಲ ಬೇರೆ. ಒಂದು ಚಿತ್ರದ ಆಯುಷ್ಯವೇ 16 ಮಿಲಿಸೆಕೆಂಡಿರುವಾಗ ಇದು ಸಲ್ಲದು. ಎಸ್. ಎಸ್. ಡಿ.ಯಲ್ಲಿ ತಿರುಗುವುದೇನೂ ಇಲ್ಲ; ಸಾಧಾರಣ ದರ್ಜೆಯದೇ ಆಟಕ್ಕೆ ಸಾಕು, ಅತಿವೇಗದ್ದಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ.

ಈಗ ಎಲ್ಲರೂ ಕಡೆಗಣಿಸುವ ಎಸ್. ಎಂ. ಪಿ. ಎಸ್.ಗೆ ಬರೋಣ. ಇದು ಮನೆಯ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12 ವೋಲ್ಟು ಮೊದಲಾದ ಏಕಮುಖ ವಿದ್ಯುತ್ತಾಗಿ ಪರಿವರ್ತಿಸುವುದು. ಆಟದ ವೇಗವನ್ನು ಇದು ಒಂದಿಷ್ಟೂ ಹೆಚ್ಚಿಸುವುದಿಲ್ಲವಾದ್ದರಿಂದ ಹಣ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ಕ್ಯಾಬಿನೆಟ್ಟಿನ ಜೊತೆಗೆ ಪುಕ್ಕಟೆಯಾಗಿ ಬಂದುದನ್ನು ಹಾಕಿಸಿಕೊಳ್ಳುವವರಿಗೆ ಲೆಕ್ಕವಿಲ್ಲ. ಆದರೆ ಯಂತ್ರದ ಎಲ್ಲ ಭಾಗಗಳ ಪ್ರಾಣವೂ ಇದರ ಕೈಯಲ್ಲಿದೆ. ಇದು ಕೆಟ್ಟರೆ ಒಂದೇ ಹೋಗುವುದೆಂಬ ಭರವಸೆಯಿಲ್ಲ.

6600 ಕಾರ್ಡಿಗೆ ಬೇಕಾದ ಶಕ್ತಿ 132 ವಾಟು. 12 ವೋಲ್ಟಿನಲ್ಲಿ ಇದು 11 ಆಂಪಿಯರು. ಪ್ರೊಸೆಸರು ಮುಂತಾದುವನ್ನೂ ಸೇರಿಸಿದರೆ ಇಡೀ ಯಂತ್ರಕ್ಕೆ ಸುಮಾರು 250 ವಾಟು. ಹೀಗಾಗಿ 450ರಿಂದ 550 ವಾಟಿನ ಒಳ್ಳೆಯ ಎಸ್. ಎಂ. ಪಿ. ಎಸ್. ಸಾಕಾಗುವುದು. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಯನ್ನು ನಂಬದೆ, ಪಕ್ಕದ ಕೋಷ್ಟಕದಲ್ಲಿ 12 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರು ಎಂದು ನೋಡಿ 12ರಿಂದ ಗುಣಿಸಿರಿ. 500 ವಾಟೆಂದು ಕರೆದುಕೊಳ್ಳುವುದರಲ್ಲಿ ಈ ಗುಣಲಬ್ಧವು 250 ಕೂಡ ಮುಟ್ಟದಿದ್ದರೆ ಅದನ್ನು ಅಲ್ಲಿಯೇ ಬಿಟ್ಟುಬರುವುದು ಕ್ಷೇಮ. 80 ಪ್ಲಸ್ ಎಂಬ ಮುದ್ರೆಯು ದಕ್ಷತೆಯನ್ನು ಹೇಳುವುದು: 85 ಪಾಲು ದಕ್ಷತೆಯಿದ್ದರೆ 250 ವಾಟು ಕೊಡಲು ಗೋಡೆಯಿಂದ 294 ವಾಟು ಎಳೆದು, 44 ವಾಟನ್ನು ಶಾಖವಾಗಿ ಕಳೆಯುವುದೆಂದು ಅರ್ಥ. ಸುರಕ್ಷತೆಗೆ ಆ ಮುದ್ರೆ ಸಾಕ್ಷಿಯಲ್ಲ.

ಯು. ಪಿ. ಎಸ್. ಕೊಳ್ಳುವವರು ವೋಲ್ಟ್-ಆಂಪಿಯರಿಗೂ ವಾಟಿಗೂ ಇರುವ ಭೇದವನ್ನು ನೆನೆಯಬೇಕು. 600 ವಿ. ಎ. ಎಂದು ಬರೆದಿರುವ ಸಣ್ಣ ಯು. ಪಿ. ಎಸ್.ಗಳಲ್ಲಿ ಅನೇಕವು ಕೊಡಬಲ್ಲುದು 360 ವಾಟು ಮಾತ್ರ. ತೆರೆಯನ್ನೂ ಸೇರಿಸಿದರೆ ನಮ್ಮ ಯಂತ್ರಕ್ಕೆ ಅದು ಅಂಚಿನ ಮಾತು.

ಭೂಸಂಪರ್ಕದ ವಿಷಯವೂ ಇಲ್ಲಿಯೇ ಬರುವುದು. ಗಣಕದ ಕ್ಯಾಬಿನೆಟ್ಟನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುವುದೆಂದು ಹೇಳುವ ವಿದ್ಯಾರ್ಥಿಗಳು ಪ್ರತಿವರ್ಷವೂ ಇರುತ್ತಾರೆ. ಎಸ್. ಎಂ. ಪಿ. ಎಸ್.ನ ಒಳಗೆ, ವಿದ್ಯುತ್ತಿನ ಎರಡು ತಂತಿಗಳಿಂದಲೂ ಲೋಹದ ಮೈಗೆ ಒಂದೊಂದು ಪುಟ್ಟ ಕೆಪಾಸಿಟರನ್ನು ಜೋಡಿಸಿರುವರು. ಮೂರನೆಯ ಪಿನ್ನು ನಿಜವಾಗಿ ಭೂಮಿಗೆ ಸೇರಿದ್ದರೆ ಅವುಗಳಲ್ಲಿ ಸೋರುವ ಅಲ್ಪ ಪ್ರವಾಹವು ನೆಲಕ್ಕೆ ಹೋಗುವುದು. ಸೇರಿಲ್ಲದಿದ್ದರೆ ಎರಡು ಕೆಪಾಸಿಟರುಗಳ ನಡುವೆ ಸಿಕ್ಕಿದ ಮೈಯು 230ರ ಅರ್ಧ, ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುವುದು. ಪ್ರವಾಹ ಅತ್ಯಲ್ಪವಾದುದರಿಂದ ಜೀವಕ್ಕೆ ತಟ್ಟದು. ಆದರೆ ಒಳಗೆ ಬೇರೆ ದೋಷವುಂಟಾದ ದಿನ ಇದೇ ಮೈ ಪೂರ್ಣ 230 ವೋಲ್ಟಿಗೇರಿ ಮುಟ್ಟಿದವರನ್ನು ಕೊಲ್ಲಬಹುದು. ಮೂರು ತೂತಿನ ಸಾಕೆಟ್ಟು ಗೋಡೆಯಲ್ಲಿದ್ದ ಮಾತ್ರಕ್ಕೆ ಭೂಸಂಪರ್ಕವಿದೆಯೆಂದು ತಿಳಿಯಬಾರದು. ಬಣ್ಣದ ದೀಪಗಳಿಗೆ ಕೊಡುವ ಹಣದಲ್ಲಿ ಎಲೆಕ್ಟ್ರಿಷಿಯನ್ನನ್ನು ಕರೆಸಿ ಪರೀಕ್ಷಿಸಿಕೊಳ್ಳಬಹುದು.

ಶಾಖದ ವಿಷಯ. ಯಂತ್ರವು ತೆಗೆದುಕೊಂಡ ವಿದ್ಯುಚ್ಛಕ್ತಿಯೆಲ್ಲವೂ ಕಟ್ಟಕಡೆಗೆ ಕೋಣೆಯ ಶಾಖವಾಗುವುದು. ಸುಮ್ಮನೆ ಕುಳಿತ ಮನುಷ್ಯನು ಹೊರಸೂಸುವ ಶಾಖ ಸುಮಾರು 100 ವಾಟಾದುದರಿಂದ, 300 ವಾಟಿನ ಯಂತ್ರವು ಕೋಣೆಯಲ್ಲಿ ಇನ್ನೂ ಮೂವರು ಕುಳಿತಂತೆ. ಪಂಖದಿಂದ ತಂಪಾಗುವ ಚಿಪ್ಪಿನ ಉಷ್ಣತೆಯು ಕೋಣೆಯ ಉಷ್ಣತೆಗಿಂತ ಇಂತಿಷ್ಟು ಡಿಗ್ರಿ ಮೇಲೆ ನಿಲ್ಲುವುದು. ಮಡಿಕೇರಿಯಲ್ಲಿ 65 ಡಿಗ್ರಿಯಲ್ಲಿ ಓಡುವ ಕಾರ್ಡು ಮೇ ತಿಂಗಳ ರಾಯಚೂರಿನಲ್ಲಿ 80ನ್ನು ಮೀರಿದರೆ ಆಶ್ಚರ್ಯವಿಲ್ಲ. ಮುಂಭಾಗದಲ್ಲಿ ಗಾಜನ್ನು ಬಿಗಿದು ಗಾಳಿಗೆ ದಾರಿಯಿಲ್ಲದಂತೆ ಮಾಡಿದ ಕ್ಯಾಬಿನೆಟ್ಟು ಬಯಲುಸೀಮೆಗೆ ಹೇಳಿಸಿದ್ದಲ್ಲ. ಜಾಲರಿಯ ಮುಖವುಳ್ಳ ಸಾದಾ ಪೆಟ್ಟಿಗೆಯನ್ನು ಕೊಂಡು ತಿಂಗಳಿಗೊಮ್ಮೆ ಧೂಳು ತೆಗೆಯುವುದು ಲೇಸು.

ಹಣ ಕೊಡದೆ ದೊರೆಯುವ ತಂಪೂ ಒಂದುಂಟು. ಚಿಪ್ಪು ಕಬಳಿಸುವ ಶಕ್ತಿಯು ಆವರ್ತಾಂಕಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುವುದು. ವೋಲ್ಟೇಜನ್ನು ನೂರಕ್ಕೆ ಹತ್ತು ಪಾಲು ಇಳಿಸಿದರೆ 0.9ರ ವರ್ಗ 0.81, ವೇಗ ಅದೇ ಇದ್ದರೂ ಶಕ್ತಿಯಲ್ಲಿ 19 ಪಾಲು ಉಳಿತಾಯ. ಎಲ್ಲ ಚಿಪ್ಪುಗಳೂ ಇದಕ್ಕೆ ಒಗ್ಗವು; ಸ್ವಲ್ಪಸ್ವಲ್ಪವೇ ಇಳಿಸಿ ಪರೀಕ್ಷಿಸಬೇಕು. ಅದಕ್ಕೆ ಧೈರ್ಯ ಸಾಲದವರು, ಸೆಕೆಂಡಿಗೆ 60 ಬಾರಿ ಬದಲಾಗುವ ತೆರೆಗೆ ಕಾರ್ಡು 110 ಚಿತ್ರಗಳನ್ನು ಬರೆದು ದಣಿಯದಂತೆ ಆಟದ ಸೆಟ್ಟಿಂಗಿನಲ್ಲಿ 60ರ ಮಿತಿಯನ್ನು ಹಾಕಿದರೂ ಆಗುವುದು. 300 ವಾಟಿನಲ್ಲಿ ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 27 ಯೂನಿಟ್ಟು. ವಿದ್ಯುತ್ತಿನ ಬಿಲ್ಲನ್ನು ಕಟ್ಟುವವರು ಇದನ್ನು ಗಮನಿಸದೆ ಇರಲಾರರು.

ಇಷ್ಟಾದರೂ ಹಣ ಸಾಲದಿದ್ದರೆ ಯಾವುದನ್ನು ಮುಂದಕ್ಕೆ ಹಾಕಬಹುದು? ರ‍್ಯಾಮನ್ನೂ ಎಸ್. ಎಸ್. ಡಿ.ಯನ್ನೂ ಮುಂದೆ ಸೇರಿಸಿಕೊಳ್ಳುವುದು ಸುಲಭ. ಬೋರ್ಡಿನಲ್ಲಿ ಅದಕ್ಕೆ ಸ್ಥಾನ ಖಾಲಿಯಿರುವುದನ್ನು ಮಾತ್ರ ನೋಡಿಕೊಳ್ಳಬೇಕು. ಕಾರ್ಡನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವುದಾದರೆ, ಮಾರುವವರ ಎದುರಿಗೇ ಅರ್ಧ ಗಂಟೆ ಭಾರವಾದ ಆಟವನ್ನು ಓಡಿಸಿ, ಪಂಖಗಳ ಶಬ್ದವನ್ನೂ ಉಷ್ಣತೆಯನ್ನೂ ನೋಡಿ, ಮೂಲ ಬಿಲ್ಲನ್ನು ಕೇಳಿ ಪಡೆಯಿರಿ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ಎಂಬ ಕ್ರಿಪ್ಟೋ ಹಣವು ತನ್ನ ಪದ್ಧತಿಯನ್ನು ಬದಲಿಸಿದ ಮೇಲೆ, ಹಗಲಿರುಳು ದುಡಿದ ಬಹಳ ಕಾರ್ಡುಗಳು ಪೇಟೆಗೆ ಬಂದುವು. ಅವುಗಳಲ್ಲಿ ಇನ್ನೂ ಚೆನ್ನಾಗಿರುವುವೂ ಇವೆ, ಪಂಖ ಸವೆದುವೂ ಇವೆ. ಎಸ್. ಎಂ. ಪಿ. ಎಸ್. ಒಂದನ್ನು ಮಾತ್ರ ಹಳೆಯದನ್ನು ಕೊಳ್ಳಬೇಡಿರಿ. ಅದರ ಒಳಗಿನ ಕೆಪಾಸಿಟರುಗಳು ಎಷ್ಟು ಒಣಗಿವೆಯೆಂಬುದು ಅರ್ಧ ಗಂಟೆಯ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ.